ಕದಲಿಸಲಾಗದೆ ಹೋದ ಕಾರು

ಹೋದ ವರ್ಷದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಡೆದದ್ದಿದು. ನಾನು ಕೊಳ್ಳೇಗಾಲದಿಂದ ತಮಿಳು ಸೀಮೆಯ ಕರುಮತ್ತಂಪಟ್ಟಿಗೆ ಸೊಸೆಯಾಗಿ ಬಂದವಳು. ಇಲ್ಲಿಯ ನಮ್ಮ ನೇಕಾರರ ಮನೆಗಳಲ್ಲಿ ಕನ್ನಡ ಮಾತಾಡುತ್ತಾರೆಯೇ ಹೊರತು ಓದಲು ಯಾರಿಗೂ ಬರುವುದಿಲ್ಲ. ಮನೆಯವರು ಓದಲಾರರು ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅತ್ತೆ ಜೀವಮಾನವೆಲ್ಲ ಪವರ್‌ಲೂಮಿನ ಮುಂದೆ ನಿಂತು ಹತ್ತಿಯ ದೂಳು ಕುಡಿದವರು. ಶ್ವಾಸಕೋಶ ಪೂರ್ತಿ ಕೆಟ್ಟ ಮೇಲೆ ಮನೆಗೆ ಆಕ್ಸಿಜನ್ ಮಿಷನ್ ಬಂತು. ಅದು ಕರೆಂಟಿನಿಂದಲೇ ಓಡಬೇಕು. ಕರೆಂಟು ಹೋದರೆ ಏನು ಗತಿ ಎಂದು ನಮ್ಮೆಜಮಾನರು ಕಾರಿನ ಬ್ಯಾಟರಿಗೆ ಒಂದು ಇನ್ವರ್ಟರ್ ಜೋಡಿಸಿದರು. ಕಾರು ಸ್ಟಾರ್ಟ್ ಮಾಡಿಟ್ಟರೆ ಸಾಕು, ಒಳಗೆ ಮಿಷನ್ ಓಡುತ್ತಿತ್ತು; ಬ್ಯಾಟರಿ ಹಳತಾದ್ದರಿಂದ ಕಾರು ನಿಂತರೆ ಅದೂ ನಿಲ್ಲುತ್ತಿತ್ತು. ಬೀದಿಯವರೆಲ್ಲ ಬಂದು ನೋಡಿಹೋದರು. "ನಮ್ಮ ಕಾರು ಊರು ಸುತ್ತಿದ್ದಕ್ಕಿಂತ ನಿಂತಲ್ಲೇ ಓಡಿದ್ದು ಜಾಸ್ತಿ" ಎಂದು ನಾನು ಕೀಟಲೆ ಮಾಡಿದರೆ ಮಾವ ಬಾಯ್ತುಂಬ ನಗುತ್ತಿದ್ದರು.

ಆಡಿ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತೆ ಎನ್ನುತ್ತಾರೆ ಇಲ್ಲಿ. ಅವತ್ತು ಬೆಳಗ್ಗೆ ತಿಂಡಿಯಾದ ಮೇಲೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಮನೆಯಲ್ಲಿದ್ದ ಸಿಲಿಂಡರೂ ಖಾಲಿ. ಯಾವಾಗಲೂ ಕಾರನ್ನು ಬೀದಿಯಲ್ಲಿ ನಿಲ್ಲಿಸಿಯೇ ಓಡಿಸುತ್ತಿದ್ದೆವು. ಅವತ್ತು ಬೀದಿಯಲ್ಲಿ ತಗಡಿನ ಶೀಟುಗಳೇ ಹಾರಾಡುತ್ತಿದ್ದವು. ಅದಕ್ಕೆ ಯಜಮಾನರು ಮನೆಗೆ ಅಂಟಿಕೊಂಡ ಮಗ್ಗದ ಶೆಡ್ಡಿನಲ್ಲೇ ಕಾರು ಓಡಲು ಬಿಟ್ಟು, ಮನೆಗೂ ಶೆಡ್ಡಿಗೂ ನಡುವಿನ ಕಿಟಕಿಯಿಂದ ವೈರು ಎಳೆದು, ಎರಡೂ ಕದ ತೆಗೆದಿಟ್ಟರು. "ಅಪ್ಪಾ, ಕದ ಮುಚ್ಬೇಡಿ, ಹೊಗೆ ಹೊರಗೆ ಹೋಗ್ಬೇಕು" ಎಂದು ಹೇಳಿ, ಸಿಲಿಂಡರ್ ತುಂಬಿಸಲು ಬೈಕಿನಲ್ಲಿ ಹೊರಟರು. ಕಾರು ಕಾಯಲು ಮಾವ ಕೂತರು. "ಕಣ್ಣೂ, ನೀನು ಒಳಗೆ ಅತ್ತೇನ ನೋಡ್ಕೊ, ಇಲ್ಲಿ ನಾನಿದೀನಲ್ಲ" ಎಂದರು.

ಶೆಡ್ಡಿನಲ್ಲಿ ಉಳಿದಿದ್ದ ಒಂದೇ ಮಗ್ಗದ ಮೇಲೆ ಪಾವು, ಅಂದರೆ ಹಾಸುನೂಲು, ಅರ್ಧ ನೇಯ್ದ ಹಾಗೇ ಇತ್ತು. ಒಣಗಾಳಿ ಹೊಡೆದರೆ ಎಳೆಗಳು ಪಟಪಟ ಹರಿಯುತ್ತವೆ. ಆಡಿಯಲ್ಲಿ ಶೆಡ್ಡಿನ ಕದ ತೆಗೆದಿಡುವ ನೇಕಾರನೇ ಇಲ್ಲ. ಕಣ್ಣೆದುರು ನೂಲು ಹರಿಯುವುದನ್ನು ನೋಡುತ್ತ ಕೂರುವುದೆಂದರೆ ನಮ್ಮವರಿಗೆ ಅಳುವ ಮಗುವನ್ನು ಎತ್ತಿಕೊಳ್ಳದೆ ಕೂತ ಹಾಗೆ. ಮಾವ ಎಷ್ಟು ಹೊತ್ತು ತಡೆದುಕೊಂಡರೋ ನನಗೆ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ನನಗೆ ತಲೆ ಭಾರವಾಯಿತು. ಅತ್ತೆಯೂ ತಲೆ ಸುತ್ತುತ್ತೆ ಎಂದರು. ಕಾಫಿ ಕುಡಿಯದ್ದಕ್ಕೇ ಇರಬೇಕೆಂದು ಕಾಸಿ, ಮಾವನಿಗೂ ಒಂದು ಲೋಟ ಹಿಡಿದು ಹೋದೆ. ಶೆಡ್ಡಿನ ಕದ ಮುಚ್ಚಿತ್ತು, ಒಳಗೆ ಕಾರು ಓಡುತ್ತಿತ್ತು. ತಳ್ಳಿ ನೋಡಿದರೆ ಮಾವ ಸ್ಟೂಲಿನ ಮೇಲೆ ಕೂತು ಪಾವಿನ ಮೇಲೆ ತಲೆಯಿಟ್ಟಿದ್ದರು. ಹರಿದ ಎಳೆಯೊಂದು ಬೆರಳಿನಲ್ಲೇ ಇತ್ತು. ಅದಕ್ಕೆ ಗಂಟು ಹಾಕುತ್ತಿದ್ದರೆಂದು ಕಾಣುತ್ತೆ.

ಎರಡೂ ಕದ ತೆರೆದು ಓಡಿಹೋಗಿ ಕಾರು ಆಫ್ ಮಾಡಿದೆ. ಆ ಕ್ಷಣವೇ ಒಳಗೆ ಆಕ್ಸಿಜನ್ ಮಿಷನ್ ಕೀ ಎಂದು ಕೂಗಿಕೊಂಡಿತು. ದೇವರೇ! ಮಾವನನ್ನು ಹಾಗೇ ಬಿಟ್ಟು ಮತ್ತೆ ಕಾರು ಸ್ಟಾರ್ಟ್ ಮಾಡಿದೆ. ಆಮೇಲೆ ಗಂಟಲು ಹರಿಯುವಂತೆ ಕಿರುಚಿದೆ. ಪಕ್ಕದ ಮನೆಯ ಸರಸಕ್ಕ, ಅವರ ಗಂಡ ಓಡಿಬಂದರು. ಮೂವರೂ ಸೇರಿ ಮಾವನನ್ನು ಬೀದಿಗೆ ತಂದು ಮಲಗಿಸಿದೆವು.

"ಕಾರ್ ಓಡ್ತಾನೇ ಇದೆಯಲ್ಲಮ್ಮ, ಸೀಕ್ರಂ ತೆಗಿ, ಆಸ್ಪತ್ರೆಗೆ ಹೋಗೋಣ" ಎಂದರು ಸರಸಕ್ಕನ ಗಂಡ.

"ಕಾರ್ ತೆಗದ್ರೆ ಅತ್ತೆ ಉಸಿರು ನಿಂತೋಗುತ್ತೆ ಅಣ್ಣಾ" ಎಂದೆ.

ಅವರು ಕಾರಿನಿಂದ ಹೊರಟಿದ್ದ ವೈರು ನೋಡಿದರು, ಮಾವನ ಮುಖ ನೋಡಿದರು. ಮೇನ್ ರೋಡಿನ ಕಡೆಗೆ ಓಡಿದರು, ಯಾವುದಾದರೂ ನೂಲಿನ ವ್ಯಾನು ಸಿಗುತ್ತದೇನೋ ಎಂದು. ಸರಸಕ್ಕ ಮಾವನ ಅಂಗೈ ಉಜ್ಜುತ್ತಿದ್ದರು. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾವ, ಮಾವ ಎಂದು ಕರೆಯುತ್ತಲೇ ಇದ್ದೆ. ಕೈಯಳತೆಯಲ್ಲಿ ಕಾರು ಗುರುಗುಟ್ಟುತ್ತಿತ್ತು. ಅಷ್ಟರಲ್ಲಿ ಒಳಗಿಂದ ಅತ್ತೆಯ ಕ್ಷೀಣ ದನಿ: "ಯಾರೇ ಕದ ತೆಗ್ದಿದ್ದು? ಗಾಳಿಗೆ ಪಾವೆಲ್ಲ ಹರ್ದೋಗುತ್ತೆ, ಮುಚ್ಚೇ!"

ವ್ಯಾನು ಬಂತು. ಸರಸಕ್ಕನ ಗಂಡ ಮಾವನನ್ನು ಅದರಲ್ಲಿ ಕರೆದೊಯ್ದರು, ನಾನು ಅತ್ತೆಯ ಬಳಿ ಉಳಿದೆ. ಆಸ್ಪತ್ರೆಯಲ್ಲಿ ಡಾಕ್ಟರು, ಜೀವ ಆಗಲೇ ಹೋಗಿತ್ತು, ಬೇಗ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದರಂತೆ. ಅದು ನಿಜವೋ, ನಮ್ಮ ಸಮಾಧಾನಕ್ಕೆ ಹೇಳಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಾರಿನ ಹೊಗೆಯಲ್ಲಿ ಕೊಲ್ಲುವ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲವಂತೆ. ಓದುವವರಲ್ಲಿ ಕೈಮುಗಿದು ಕೇಳುತ್ತೇನೆ, ಏನೇ ಆಗಲಿ, ಮಾಡಿನ ಕೆಳಗೆ ಕಾರು ಓಡಿಸಿಡಬೇಡಿ. ಕದ ತೆಗೆದಿದೆಯಲ್ಲ ಎಂದು ನಂಬಿ ಕೂರಬೇಡಿ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಕೇಳಿದರು. "ಕಾರು ಮನೇಲೇ ಇತ್ತಲ್ಲ. ಅವ್ರನ್ನ ಯಾಕೆ ವ್ಯಾನಲ್ಲಿ ಕರ್ಕೊಂಡೋದ್ರಿ?"

ನನ್ನ ಕಣ್ಣು ಅವರ ಆಕ್ಸಿಜನ್ ಮಿಷನಿನ ಕಡೆಗೆ ಹೋಯಿತು. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೂಗಿನ ಟ್ಯೂಬನ್ನು ಮೆಲ್ಲಗೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ನಾನು ಅಳುತ್ತಲೇ ಅದನ್ನು ಮತ್ತೆ ಅವರ ಮೂಗಿಗೆ ಹಾಕಿದೆ. ಬೇಡವೆನ್ನುವ ಶಕ್ತಿಯೂ ಅವರಲ್ಲಿರಲಿಲ್ಲ.

ಈಗಲೂ ಕರೆಂಟು ಹೋದಾಗಲೆಲ್ಲ, "ಬೇಡ ಕಣ್ಣೂ, ಬುಟ್ಬುಡು ನನ್ನ" ಎನ್ನುತ್ತಾರೆ. ನಾನು ಕೇಳಿಸದವಳ ಹಾಗೆ ಬೀದಿಗೆ ಹೋಗಿ ಕಾರು ಸ್ಟಾರ್ಟ್ ಮಾಡುತ್ತೇನೆ.