ಪೀಪಾಯಿ ಬೇಡವೆಂದ ಹೊನ್ನಿ

ಕಾಸರಕೋಡಿನ ಶೇಂದಿ ಅಂಗಡಿಯಲ್ಲಿ ಅಳೆದು ಕೊಡುವ ಕೆಲಸ ಹೊನ್ನಿಯದು. ವಯಸ್ಸು ಐವತ್ತರ ಆಸುಪಾಸು. ಗಂಡ ತಿಮ್ಮ ತೆಂಗಿನಮರ ಹತ್ತಿ ಶೇಂದಿ ಇಳಿಸುತ್ತಿದ್ದ. ಪಾನನಿರೋಧ ತೆಗೆದ ಮರುವರ್ಷ, ೧೯೬೮ರಲ್ಲಿ, ಹೊನ್ನಾವರದ ಸುತ್ತಮುತ್ತ ಮದುವೆಗೆ, ನಿಶ್ಚಿತಾರ್ಥದ ವೀಳ್ಯಕ್ಕೆ ಜನ ಮತ್ತೆ ಎಲ್ಲರೆದುರೇ ಶೇಂದಿ ತರಿಸುತ್ತಿದ್ದರು. ಎಷ್ಟು ಬೇಕು, ಯಾವ ಪಾತ್ರೆಯಲ್ಲಿ ಬೇಕು ಎಂದು ಕೇಳಲು ಅವರು ಹೋಗುತ್ತಿದ್ದುದು ಗುತ್ತಿಗೆದಾರನ ಬಳಿಗಲ್ಲ, ಹೊನ್ನಿಯ ಬಳಿಗೆ.

ಮೇ ತಿಂಗಳಲ್ಲಿ ಅಪ್ಸರಕೊಂಡದ ಕೆಳಗಿನ ಕೇರಿಯ ಲಿಂಗಪ್ಪ ಬಂದ. ಕಿರಿಯ ಮಗಳ ವೀಳ್ಯಕ್ಕೆ ಹಳದೀಪುರದಿಂದ ನಲವತ್ತು ಜನ ಬರುವವರಿದ್ದರು. ಹಿರಿಯ ಮಗಳು ದುರ್ಗಿಯನ್ನು ಕೊಟ್ಟದ್ದೂ ಅದೇ ಊರಿಗೆ. ನಾಲ್ಕು ತಿಂಗಳ ಹಿಂದೆ ಅವಳ ಮದುವೆಯಲ್ಲಿ ಶೇಂದಿ ಹುಳಿಯಾಗಿತ್ತು. ಗಂಡಿನ ಸೋದರಮಾವ ನಾಗು ಅದನ್ನು ಬಾಳೆಬುಡಕ್ಕೆ ಚೆಲ್ಲಿ, “ಉಪ್ಪಿನಕಾಯಿಗೆ ಇಟ್ಟದ್ದಾ ಬೀಗರೆ?” ಎಂದಿದ್ದ. ಅಂದಿನಿಂದ ಗಂಡನ ಊರಿನ ಬಾವಿಕಟ್ಟೆಯಲ್ಲಿ ದುರ್ಗಿಗೆ ‘ಹುಳಿಯಪ್ಪನ ಮಗಳು’ ಎಂದೇ ಹೆಸರು. ಈಗ ಬರುವ ನಲವತ್ತರಲ್ಲಿ ನಾಗುವೂ ಇದ್ದ. ಈ ಸಲವೂ ಕೆಟ್ಟರೆ ಇಬ್ಬರು ಮಕ್ಕಳೂ ಆ ಮಾತನ್ನು ಹೊರಬೇಕಿತ್ತು.

“ದೊಡ್ಡ ಪೀಪಾಯೇ ಕೊಡು ಹೊನ್ನಕ್ಕ. ಅಂಗಳದಲ್ಲಿ ಕಂಡ್ರೇ ಅವ್ರ ಬಾಯಿ ಮುಚ್ಚಬೇಕು.”

“ಕಂಡ್ರೆ ಯಾರ ಬಾಯಿ ಮುಚ್ಚೂದು ಮಾರಾಯ? ಎಷ್ಟೊತ್ತಿಗೆ ಬತ್ರು?”

“ಹತ್ತು ಗಂಟೆಗೆ.”

“ಹೊಳೆ ದಾಟಿ ಬರೂ ಜನ. ಹತ್ತು ಅಂದದ್ದು ಅವ್ರು, ಲಾಂಚಿನವನಲ್ಲ.”

ಅವಳ ಲೆಕ್ಕ ಸರಳ. ಮರದ ಪೀಪಾಯಿ ಎಷ್ಟು ತೊಳೆದರೂ ಹಳೆಯ ಹುಳಿಯನ್ನು ಬಿಡುವುದಿಲ್ಲ. ಅದನ್ನು ಒಮ್ಮೆಗೇ ತುಂಬಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಇಳಿಸಿದ ಶೇಂದಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಕೆಡುತ್ತದೆ. ಆದ್ದರಿಂದ ತಲಾ ಹತ್ತು ಬಾಟ್ಲಿ ಹಿಡಿಯುವ ಆರು ಮಣ್ಣಿನ ಗಡಿಗೆ ಸಾಕೆಂದಳು. ಮೂರನ್ನು ಬೆಳಿಗ್ಗೆ ತುಂಬುವುದು, ಮೂರನ್ನು ತಿಮ್ಮ ಮಧ್ಯಾಹ್ನ ಮರ ಇಳಿದ ಮೇಲೆ.

“ಸಣ್ಣ ಗಡಿಗೆ ಕಂಡು ನಾಗು ನಗೂದಿಲ್ವ?” ಎಂದ ಲಿಂಗಪ್ಪ.

“ನಗ್ಲಿ. ನಗೂವಾಗ ಕುಡಿಯೂಕೆ ಆತದೆ. ಹುಳಿಗೆ ಮುಖ ಹಿಂಡಿದ್ರೆ ಆಗೂದಿಲ್ಲ.”

ವೀಳ್ಯದ ದಿನ ಲಾಂಚು ಶರಾವತಿಯ ನಡುವೆ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಭರತದ ನೀರು ಏರುವವರೆಗೆ ಬೀಗರು ಅಲ್ಲೇ ಕೂತರು. ಲಿಂಗಪ್ಪನ ಅಂಗಳ ತಲುಪಿದಾಗ ಮೂರು ಗಂಟೆ. ಬೆಳಗಿನ ಗಡಿಗೆಗಳಲ್ಲಿ ಎರಡನ್ನು ಕೇರಿಯವರು ಅಷ್ಟರಲ್ಲೇ ಕುಡಿದು ಮುಗಿಸಿದ್ದರು. ಉಳಿದ ಒಂದು ಹುಳಿ ಹತ್ತಿದ್ದನ್ನು, ಅಳೆದು ಕೊಡಲು ಬಂದಿದ್ದ ಹೊನ್ನಿ ಮೂಸಿ ನೋಡಿ ಹಿತ್ತಿಲಿಗೆ ಸಾಗಿಸಿದಳು. ಮಧ್ಯಾಹ್ನದ ಮೂರು ಗಡಿಗೆಗಳು ಒದ್ದೆ ಮರಳಿನಲ್ಲಿ ಕತ್ತಿನವರೆಗೆ ಹೂತು ಕೂತಿದ್ದವು. ಬಾಯಿಬಟ್ಟೆ ತೆಗೆದಾಗ ನೊರೆ ಆಗಷ್ಟೇ ಏಳುತ್ತಿತ್ತು.

ಮೊದಲ ಕರಟ ನಾಗುವಿಗೆ ಹೋಯಿತು. ಅವನು ಗಡಿಗೆಯತ್ತ ನೋಡಿದ. “ಎಂತ ಬೀಗರೆ, ಬಾಣಂತಿಗೆ ಗಂಜಿ ಕಾಸೂ ಗಡಿಗೆ ತಂದ್ರ?” ಎಂದ. ಅಂಗಳ ನಕ್ಕಿತು. ಲಿಂಗಪ್ಪ ನಗಲಿಲ್ಲ. ಗಂಡನ ಮನೆಯವರ ಜೊತೆ ಬಂದಿದ್ದ ದುರ್ಗಿ ಚಪ್ಪರದ ಕಂಬ ಹಿಡಿದು ನಿಂತಿದ್ದಳು.

ನಾಗು ಕುಡಿದ. ಕರಟವನ್ನು ಮತ್ತೆ ಚಾಚಿದ. ಎರಡನೆಯದನ್ನು ನಿಧಾನವಾಗಿ ಕುಡಿದು, ಪಕ್ಕದವನೊಡನೆ ಲಾಂಚಿನ ತೊಂದರೆಯ ಮಾತು ತೆಗೆದ.

“ಎಂತದೂ ಹೇಳೂದಿಲ್ಲವಲ್ಲ ಇವ,” ಎಂದು ಲಿಂಗಪ್ಪ ಹೊನ್ನಿಯ ಕಿವಿಯಲ್ಲಿ ಕೇಳಿದ.

“ಅವ ಸುಮ್ನಿದ್ದ ಅಂದ್ರೆ ಆತಲ್ಲ,” ಎಂದಳು ಹೊನ್ನಿ.

ದುರ್ಗಿ ಕಂಬ ಬಿಟ್ಟು ಬಂದು, ಮೂರನೆಯ ಕರಟವನ್ನು ತುಂಬಿ ನಾಗುಮಾವನಿಗೆ ತಾನೇ ಕೊಟ್ಟಳು.