ಪಂಚಪ್ಪನವರ ಕಿವಿಗೆ ಬಂದ ಅಪ್‌ಡೇಟ್

ಹುನಗುಂದದ ಕಡೆಯಿಂದ ಬಂದು ಮಾಕಳಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪವರ್ ಪ್ರೆಸ್ ನಡೆಸಿದ ಪಂಚಪ್ಪನವರಿಗೆ ಹತ್ತು ಬೆರಳೂ ಉಳಿದಿದ್ದವು. ಕಿವಿ ಮಾತ್ರ ಉಳಿದಿರಲಿಲ್ಲ. ತಗಡು ಕತ್ತರಿಸುವ ಆ ಯಂತ್ರದ ಸದ್ದಿನಲ್ಲಿ ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಹೆಂಡತಿ ಚನ್ನಕ್ಕನ ಅರ್ಧ ಮಾತು. ಐವತ್ತಮೂರನೇ ವಯಸ್ಸಿಗೆ ಎರಡೂ ಕಿವಿಗೆ ಕೇಳಿಸುವ ಮಿಷನ್ ಬಂತು. ಎದುರಿಗೆ ಕೂತವರ ಮಾತು ತಿಳಿಯತೊಡಗಿತು. ಆದರೆ ಫೋನನ್ನು ಕಿವಿಗೆ ಹಿಡಿದರೆ ಮಿಷನ್ ಕುಂಯ್ ಎನ್ನುತ್ತಿತ್ತು. ಕರೆ ಬಂದರೆ ಚನ್ನಕ್ಕನ ಕೈಗೆ ಕೊಟ್ಟುಬಿಡುತ್ತಿದ್ದರು.

ಹೀಗಿರುವಾಗ ಮ್ಯಾನೇಜರ್ ಕರೆದು, ಪ್ರೆಸ್ ಬಿಟ್ಟು ಸರಕು ಕಳಿಸುವ ವಿಭಾಗಕ್ಕೆ ಬನ್ನಿ ಎಂದರು. ಗದ್ದಲವಿಲ್ಲದ ಜಾಗ, ಕೂತು ಮಾಡುವ ಕೆಲಸ. ಆದರೆ ಲಾರಿ ಡ್ರೈವರ್‌ಗಳ ಫೋನ್ ಎತ್ತಲೇಬೇಕು. ಒಂದನೇ ತಾರೀಕಿನೊಳಗೆ ಒಪ್ಪಿಗೆ ಹೇಳಬೇಕಿತ್ತು.

ಕಿವಿ ಪರೀಕ್ಷೆ ಮಾಡಿದ ಡಾಕ್ಟರು ಒಂದು ದಾರಿ ಹೇಳಿದ್ದರು. ಪಂಚಪ್ಪನವರ ಫೋನಿಗೆ ಹೊಸ ಸಾಫ್ಟ್‌ವೇರ್ ಬಂದರೆ ಕರೆಯ ದನಿ ನೇರವಾಗಿ ಕಿವಿಯ ಮಿಷನ್ನಿಗೇ ಬರುತ್ತದೆ. ಫೋನ್ ಕಂಪನಿ ಅದನ್ನು ಬಿಡುಗಡೆಯೂ ಮಾಡಿತ್ತು, ಆದರೆ ಎಲ್ಲ ಫೋನಿಗೂ ಒಮ್ಮೆಗೇ ಅಲ್ಲ, ಹಂತ ಹಂತವಾಗಿ. ಪಂಚಪ್ಪ ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಸೆಟ್ಟಿಂಗ್ಸ್ ತೆರೆದು ನೋಡುತ್ತಿದ್ದರು. ಹೊಸದೇನೂ ಇಲ್ಲ ಎಂದೇ ಉತ್ತರ. ಐದು ವಾರ ಹೋಯಿತು, ಒಂದನೇ ತಾರೀಕಿಗೆ ನಾಲ್ಕು ದಿನ ಉಳಿಯಿತು.

ಭಾನುವಾರ ಬೆಳಿಗ್ಗೆ ಶೆಟ್ಟಿಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗಜಾಲಾ ಹತ್ತಿರ ಹೋದರು.

"ಕಾಯ್ತೀನಿ ಅಂದ್ರೆ ಯಾವತ್ತೋ ತಾನಾಗೇ ಬರುತ್ತೆ ಅಣ್ಣಾ," ಎಂದಳು ಗಜಾಲಾ. "ಇಲ್ಲಾಂದ್ರೆ ಕಂಪನಿ ಸೈಟಲ್ಲೇ ಫೈಲ್ ಇರುತ್ತೆ, ನಾವೇ ಹಾಕ್ಬೋದು. ಆದ್ರೆ ತಪ್ಪು ಫೈಲ್ ಹೋದ್ರೆ ಫೋನ್ ಆನೇ ಆಗಲ್ಲ. ಯೋಚ್ನೆ ಮಾಡಿ."

ಪಂಚಪ್ಪ ಫೋನನ್ನು ಅವಳ ಮುಂದಿಟ್ಟರು. "ಹಾಕವಾ. ಆದ್ರ ನಾನೂ ನೋಡ್ತೀನಿ."

ಗಜಾಲಾ ಮೊದಲು ಫೋಟೊ, ನಂಬರುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿದಳು. ಹೋದ ವಾರ ಇದೇ ತರದ ಫೋನಿಗೆ ಹಾಕಿದ್ದ ಫೈಲ್ ಅವಳ ಬಳಿಯೇ ಇತ್ತು. ಅದನ್ನು ತೆರೆಯುವಾಗ ಪಂಚಪ್ಪ ಕನ್ನಡಕ ಏರಿಸಿಕೊಂಡು, ಫೋನಿನಲ್ಲಿದ್ದ ಮಾಡೆಲ್ ನಂಬರಿನ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟರು. ಪ್ರೆಸ್ಸಿಗೆ ಅಚ್ಚು ಕೂರಿಸುವ ಮುಂಚೆ ಅದರ ನಂಬರನ್ನು ಎರಡು ಸಲ ಓದದೆ ಅವರು ಎಂದೂ ಗುಂಡಿ ಒತ್ತಿದವರಲ್ಲ.

"ತಡಿಯವಾ. ಇಲ್ಲಿ ಕೊನಿಗೆ ಎಫ್ ಐತಿ. ನಿನ್ನ ಫೈಲ್‌ನಾಗ ಬಿ ಐತಿ."

ಗಜಾಲಾ ಬಗ್ಗಿ ನೋಡಿದಳು. "ಅಯ್ಯೋ, ಇದು ಬೇರೆ ದೇಶದ ಮಾಡೆಲ್ದು! ಒಳ್ಳೇದಾಯ್ತು ಅಣ್ಣಾ ನೋಡಿದ್ದು."

ಕಂಪನಿಯ ಸೈಟಿನಲ್ಲಿ ಹುಡುಕಿ ಎಫ್ ಇರುವ ಫೈಲನ್ನೇ ಇಳಿಸಿದಳು. ಇಬ್ಬರೂ ಇನ್ನೊಮ್ಮೆ ಓದಿದರು. ಗಜಾಲಾ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು, ಅದರ ಮೇಲೆ ಏರುತ್ತಿದ್ದ ಅಂಕಿ ಶೇಕಡಾ ಅರವತ್ತೆರಡಕ್ಕೆ ಬಂದು ನಿಂತೇಬಿಟ್ಟಿತು. ಪಂಚಪ್ಪ ಫೋನಿನತ್ತ ಕೈ ಚಾಚಿದರು. "ಮುಟ್ಬೇಡಿ, ಮುಟ್ಬೇಡಿ," ಎಂದು ಗಜಾಲಾ ಕೈ ಅಡ್ಡ ಹಿಡಿದಳು. ಒಂಬತ್ತು ನಿಮಿಷದ ಮೇಲೆ ಅಂಕಿ ಕದಲಿತು. ಫೋನ್ ತೆರೆದುಕೊಂಡಿತು. ಹೊಸ ಸೆಟ್ಟಿಂಗ್‌ನಲ್ಲಿ ಎರಡೂ ಕಿವಿಯ ಮಿಷನ್‌ಗಳ ಹೆಸರು ಕಾಣಿಸಿತು.

ಮನೆಗೆ ಕರೆ ಮಾಡಿದರು. ತಲೆಯ ನಡುಮಧ್ಯದಲ್ಲಿ ಕೂತು ಮಾತಾಡಿದಂತೆ ಚನ್ನಕ್ಕನ ದನಿ ಕೇಳಿತು. "ಹಲೋ, ಯಾರ್ರೀ? ಅವರ ಫೋನ್ ನಿಮ್ಮ ಕೈಯಾಗ ಹ್ಯಾಂಗ ಬಂತು?"

"ನಾನ ಅದೀನಿ. ಹಿಂದ ಏನೋ ಸೀಟಿ ಹೊಡಿಯಾಕತ್ತೈತಲ್ಲ, ಕುಕ್ಕರೇನ?"

ಚನ್ನಕ್ಕ ಮೆಲ್ಲಗೆ ಅಂದಳು: "ಹೌದ್ರಿ. ಮೂರನೇದು. ಕೇಳಿತೇನ್ರಿ ನಿಮಗ?" ಅವಳು ಒಲೆ ಆರಿಸಿದ ಸದ್ದೂ ಪಂಚಪ್ಪನವರಿಗೆ ಕೇಳಿತು.

ಸೋಮವಾರವೇ ಹೋಗಿ ಮ್ಯಾನೇಜರಿಗೆ ಹೂಂ ಎಂದರು. ಹೊಸ ಮೇಜಿನಲ್ಲಿ ಮೊದಲ ವಾರ ಕೆಲವು ಲಾರಿ ನಂಬರುಗಳನ್ನು ಎರಡು ಸಲ ಕೇಳಿ ಬರೆದುಕೊಳ್ಳಬೇಕಾಯಿತು, ಡ್ರೈವರ್‌ಗಳು ಬೇಸರಿಸಲಿಲ್ಲ. ಪಕ್ಕದ ಮೇಜಿನ ವಿಶ್ವನಾಥ ಅದೇ ಕಂಪನಿಯ ಫೋನ್ ಇಟ್ಟುಕೊಂಡಿದ್ದ. "ನಂಗೂ ಹಾಕ್ಸಿಕೊಡಿ ಸಾರ್, ಕ್ಯಾಮೆರಾ ಚೆನ್ನಾಗಾಗುತ್ತಂತೆ," ಎಂದು ಬೆನ್ನುಬಿದ್ದ.

ಪಂಚಪ್ಪ ನಕ್ಕರು. "ಕ್ಯಾಮೆರಾಕ್ಕ ಏನ್ ಅವಸರ ಐತಪಾ? ನೀನು ಕಾಯಿ, ತಾನ ಬರ್ತೈತಿ." ಅಷ್ಟರಲ್ಲಿ ಫೋನ್ ರಿಂಗಾಯಿತು. ಅವರೇ ಎತ್ತಿದರು.