ಕರಿ ಬಟ್ಟೆಯ ಮೇಲೆ ಬಿಳಿ ತೆನೆ

ಕುವೈತಿನಲ್ಲಿರುವ ನಮ್ಮೂರಿನವರೆಲ್ಲ ಒಂದು ಶುಕ್ರವಾರ ಎಗೈಲಾದ ನಮ್ಮ ಮನೆಯಲ್ಲಿ ಸೇರುವುದೆಂದಾಯಿತು. ಊರಿಗೊಂದು ಬಾವುಟ, ಲಾಂಛನ ಬೇಕೆಂದು ಯಾರೋ ತಲೆಯಲ್ಲಿ ಹುಳ ಬಿಟ್ಟರು. ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ಪೈಪುಗಳ ನಕ್ಷೆ ಬರೆಯುವವನು ನಾನು. ಕೆಲಸ ನನ್ನ ಕೊರಳಿಗೇ ಬಿತ್ತು. ಹುಮ್ಮಸ್ಸಿನಲ್ಲಿ ಗುರಾಣಿ, ಕೋಟೆ, ಎರಡು ಸಿಂಹ ಬರೆದೆ.

“ನಮ್ಮೂರಾಗ ಸಿಂಹ ಯಾವಾಗ ಬಂದಿತ್ರೀ? ನಾಯಿ ಬರೀರಿ, ಅವು ಬೇಕಾದಷ್ಟ್ ಅದಾವ,” ಎಂದಳು ಹೆಂಡತಿ.

ಮಗಳು ಮಾತ್ರ ನಗಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ತಿಳಿದರೂ ಉತ್ತರ ಇಂಗ್ಲಿಷಿನಲ್ಲೇ. ಲಾಂಛನದಲ್ಲಿರುವ ಪ್ರತಿಯೊಂದಕ್ಕೂ ಅರ್ಥ ಇರಬೇಕಂತೆ, ಶಾಲೆಯಲ್ಲಿ ಹೇಳಿದ್ದಾರಂತೆ. ನಿಮ್ಮ ಊರಲ್ಲಿ ಏನಿದೆ ಎಂದು ಕೇಳಿದಳು. ಆ ‘ನಿಮ್ಮ ಊರು’ ಪ್ರತಿ ಸಲವೂ ನನ್ನನ್ನು ಚುಚ್ಚುತ್ತದೆ. ಅದು ಅವಳದೂ ಆಗಬೇಕೆಂಬುದೊಂದೇ ನನ್ನ ಆಸೆ. ಬಾವುಟದ ಹುಚ್ಚೂ ಅದಕ್ಕೇ.

ಸಿಟ್ಟು ನುಂಗಿ ಹೇಳಿದೆ: ಎರೆಮಣ್ಣಿದೆ, ಇದ್ದಿಲಿನಂಥ ಕಪ್ಪು. ಅದರಲ್ಲಿ ಬಿಳಿಜೋಳ ಬೆಳೆಯುತ್ತದೆ. ಎಳೆ ತೆನೆ ಸುಟ್ಟು ಸೀತನಿ ತಿನ್ನುವಾಗ ದಾರಿಯಲ್ಲಿ ಹೋಗುವವರನ್ನು ಕರೆಯದೆ ಯಾರೂ ಬಾಯಿಗೆ ಹಾಕುವುದಿಲ್ಲ. ಸಿಂಹಗಳನ್ನು ಅಳಿಸಿದೆ. ಕರಿ ನೆಲದ ಮೇಲೆ ಒಂದೇ ಬಿಳಿ ತೆನೆ. ಅದನ್ನು ಅವಳೇ ಬರೆದಳು.

ಬಾವುಟ ಹೊಲಿಸಲು ಒಯ್ದಾಗ ಚಿತ್ರ ನೋಡಿದ ದರ್ಜಿ ಅಂಗಡಿಯ ಬಾಗಿಲು ಮುಂದೆ ಮಾಡಿದ.

“ಭಾಯಿ, ಕಾಲಾ ಝಂಡಾ, ಊಪರ್ ಸಫೇದ್ ನಿಶಾನ್! ಬಾಲ್ಕನಿ ಮೇ ಲಗಾಯಾ ತೋ ಇಕಾಮಾ ಖಲಾಸ್!”

ಕರಿ ಬಾವುಟದ ಮೇಲೆ ಬಿಳಿ ಗುರುತು, ಬಾಲ್ಕನಿಗೆ ಕಟ್ಟಿದರೆ ಇಲ್ಲಿ ಇರುವ ಪರವಾನಗಿಯೇ ರದ್ದಾದೀತು ಎಂಬುದು ಅವನ ಭಯ. ದೂರದಿಂದ ಅಂಥ ಬಾವುಟ ಕಂಡವರಿಗೆ ಉಗ್ರರ ನೆನಪಾಗುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಎರೆಸೀಮೆಯವರ ಬುದ್ಧಿಗೆ ಕಪ್ಪೆಂದರೆ ಹೊಲ, ಅಷ್ಟೆ. ಎಚ್ಚರಿಸಿದ ಆ ಪುಣ್ಯಾತ್ಮನನ್ನು ಈಗಲೂ ನೆನೆಯುತ್ತೇನೆ.

ಬಾವುಟದ ಸಹವಾಸವೇ ಬೇಡ ಎಂದೆ. ಮಗಳು ಬಿಡಲಿಲ್ಲ. ಹೊಲ ಗಾಳಿಯಲ್ಲಿ ಯಾಕೆ ಹಾರಬೇಕು, ಮನೆಯೊಳಗೆ ನೆಲಕ್ಕೆ ಹಾಸೋಣ ಎಂದಳು, ಅದೂ ಇಂಗ್ಲಿಷಿನಲ್ಲೇ. ದರ್ಜಿ ನಗುತ್ತ ಚಾದರದ ಅಳತೆಗೆ ಹೊಲಿದುಕೊಟ್ಟ.

ಶುಕ್ರವಾರ ಅದನ್ನು ಹಾಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟೆವು. ಊರಿನವರೆಲ್ಲ ಸುತ್ತ ಕೂತರು. ನೀರಿನ ಜಗ್ಗು ಹಿಡಿದು ಬಂದ ನಾನು ಅವಸರದಲ್ಲಿ ಬಟ್ಟೆಯ ಅಂಚು ತುಳಿದೆ. ಮಗಳು ಎಲ್ಲರೆದುರೇ ಗದರಿದಳು, ಥೇಟ್ ಅವಳವ್ವನ ಮಾತಿನಲ್ಲಿ:

“ಅಪ್ಪಾ, ಚಪ್ಪಲ್ ಬಿಡು! ನಮ್ಮ ಹೊಲ ಅದು.”

ಬೈಸಿಕೊಂಡು ಅಷ್ಟು ಖುಷಿಪಟ್ಟಿದ್ದು ನನ್ನ ಬದುಕಿನಲ್ಲೇ ಮೊದಲು.